ಉಪ್ಪುನೀರು ‘ನುಗ್ಗುತ್ತದೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಕಡಲ ಪಕ್ಕದ ಅಂತರ್ಜಲಕ್ಕೆ ಸಮುದ್ರದ ನೀರು ಸೇರಿ ಬಾವಿಗಳು ಕೆಡುತ್ತವಲ್ಲ, ಅದನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ‘ಲವಣಜಲ ಅತಿಕ್ರಮಣ’ ಅಂದರೆ ಯಾರೋ ಸೈಟು ಒತ್ತುವರಿ ಮಾಡಿದ ಹಾಗೆ ಕೇಳಿಸುತ್ತದೆ, ಅದನ್ನು ಬಿಡೋಣ. ‘ಉಪ್ಪುನೀರು ನುಗ್ಗುವಿಕೆ’ ಓದಲು ಸಲೀಸು. ಆದರೆ ನನ್ನ ತಕರಾರು ಇರುವುದೇ ‘ನುಗ್ಗು’ ಮೇಲೆ.

ನುಗ್ಗಲು ರಭಸ ಬೇಕು. ನೆರೆ ನುಗ್ಗುತ್ತದೆ, ಜನ ನುಗ್ಗುತ್ತಾರೆ. ಇಲ್ಲಿ ಆಗುವುದೇ ಬೇರೆ. ನೆಲದಡಿಯ ಸಿಹಿನೀರು ಸದಾ ಕಡಲ ಕಡೆಗೆ ಜರುಗುತ್ತಿರುತ್ತದೆ, ಅದರ ಒತ್ತಡವೇ ಉಪ್ಪುನೀರನ್ನು ಆಚೆ ತಡೆದಿರುತ್ತದೆ. ಮಳೆ ಇಂಗಿ ತುಂಬುವುದಕ್ಕಿಂತ ಜಾಸ್ತಿ ನೀರನ್ನು ನಾವು ಬೋರ್‌ವೆಲ್‌ಗಳಿಂದ ಎತ್ತುತ್ತಾ ಹೋದರೆ ಆ ಒತ್ತಡ ಕುಗ್ಗುತ್ತದೆ, ಆಗ ಉಪ್ಪುನೀರು ಮರಳಿನ ಕಣಗಳ ನಡುವೆ, ಕಲ್ಲಿನ ಬಿರುಕುಗಳಲ್ಲಿ ನಿಧಾನಕ್ಕೆ, ಎಷ್ಟೋ ಕಡೆ ವರ್ಷಗಟ್ಟಲೆ ತೆಗೆದುಕೊಂಡು ಒಳಗೆ ಬರುತ್ತದೆ. ತಪ್ಪು ಪಂಪಿನದು, ‘ನುಗ್ಗು’ ಅಂದಾಗ ಬೈಗುಳ ತಿನ್ನುವುದು ಕಡಲು! ಹಾಗಾಗಿ ನನ್ನ ಓಟು ‘ಒಳಸರಿತ’ಕ್ಕೆ. ‘ಒಳನುಸುಳುವಿಕೆ’ಯೂ ಆಗಬಹುದಿತ್ತು, ಆದರೆ ಗಡಿ ಸುದ್ದಿ ಓದಿ ಓದಿ ಆ ಪದಕ್ಕೆ ಬೇರೆಯೇ ವಾಸನೆ ಅಂಟಿದೆ.

ಇನ್ನೊಂದು ತೊಡಕು. ಉಪ್ಪುನೀರು ಬರುವುದು ಬರೀ ಪಕ್ಕದಿಂದಲ್ಲ, ಕೆಳಗಿನಿಂದಲೂ. ಸಿಹಿನೀರಿನ ಸಾಂದ್ರತೆ 1 ಅಂದರೆ ಕಡಲ ನೀರಿನದು ಸುಮಾರು 1.025. ಹಾಗಾಗಿ ಸಿಹಿನೀರು ಅದರ ಮೇಲೆ ತೇಲುತ್ತಿರುತ್ತದೆ. ಈ ಸಾಂದ್ರತೆಯ ವ್ಯತ್ಯಾಸದ ಮೇಲೆ ನಿಂತ ಘೈಬೆನ್–ಹರ್ಟ್ಸ್‌ಬರ್ಗ್ ಲೆಕ್ಕದಲ್ಲಿ, ಅಂತರ್ಜಲ ಮಟ್ಟ ಕಡಲಿಗಿಂತ 1 ಮೀಟರ್ ಮೇಲಿದ್ದರೆ ಕಡಲ ಮಟ್ಟದಿಂದ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ನಿಂತಿರುತ್ತದೆ. ಲೆಕ್ಕ ತಿರುಗಿಸಿ ನೋಡಿ, ಮೇಲೆ ಒಂದಡಿ ಇಳಿದರೂ ಕೆಳಗಿನ ಗಡಿ ಕ್ರಮೇಣ ನಲವತ್ತಡಿ ಏರಬೇಕು! ಜೋರಾಗಿ ಪಂಪ್ ಮಾಡುವ ಬಾವಿಯ ಕೆಳಗೇ ಉಪ್ಪುನೀರು ಗೋಪುರದ ಹಾಗೆ ಮೇಲೇಳುತ್ತದೆ. ಇದಕ್ಕೆ ‘ಒಳಸರಿತ’ ಹೊಂದುವುದಿಲ್ಲ, ಅಲ್ವಾ? ‘ಉಪ್ಪುಬ್ಬು’ ಅನ್ನೋಣ ಅಂದುಕೊಂಡೆ, ಸುಮ್ನೆ ನಾಲಿಗೆಗೆ ಕಸರತ್ತು. ಆಕಾರ ಕೋನಿನ ಹಾಗಿದೆ ಎಂದು ‘ಶಂಕು ಏರಿಕೆ’ ಅಂದರೆ ಊದುವ ಶಂಖ ನೆನಪಾಗುತ್ತದೆ.

ಕೊನೆಗೆ ‘ಸವಳು’. ಸಿಹಿ ಮತ್ತು ಉಪ್ಪಿನ ನಡುವೆ ಖಡಕ್ ಗೆರೆ ಇರುವುದಿಲ್ಲ, ಎರಡೂ ಬೆರೆತ ಪಟ್ಟಿ ಇರುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದು ನೂರಕ್ಕೆ ಎರಡು ಪಾಲು ಬೆರೆತರೂ ಕುಡಿಯುವ ನೀರಿನ ರುಚಿ ಕೆಡುತ್ತದೆ. ಈ ಬೆರಕೆ ನೀರಿಗೆ ‘ಸವಳು ನೀರು’ ಅನ್ನೋಣ ಅಂದುಕೊಂಡಿದ್ದೇನೆ. ಆದರೆ ಹೊಲಕ್ಕೆ ವಿಪರೀತ ನೀರು ಹಾಯಿಸಿ, ಅದು ಆವಿಯಾಗಿ ಉಪ್ಪು ಮೇಲೆ ಬಂದ ಮಣ್ಣಿಗೂ ಸವಳು ಅನ್ನುತ್ತಾರೆ. ಅದಕ್ಕೂ ಕಡಲಿಗೂ ಸಂಬಂಧವೇ ಇಲ್ಲ.

‘ಸವಳು’ ಕೇಳಿದಾಗ ನಿಮಗೆ ಮೊದಲು ಹೊಳೆಯುವುದು ನೀರೋ, ಮಣ್ಣೋ? ಮಣ್ಣಿಗೆ ‘ಚೌಳು’, ನೀರಿಗೆ ‘ಸವಳು’ ಎಂದು ಬೇರೆ ಮಾಡಿ ಬಳಸುವವರು ಯಾರಾದರೂ ಇದ್ದೀರಾ?