ಟಿವಿಗೂ ಕೈಗೂ ಒಂದೇ ಗೇಮ್ ಕನ್ಸೋಲ್: ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು?

ತುಂಗಾತೀರ (ಪ್ರಶ್ನೆ)

ಟಿವಿಗೆ ಜೋಡಿಸಿಯೂ ಕೈಯಲ್ಲಿ ಹಿಡಿದೂ ಆಡಬಹುದಾದ ನಿಂಟೆಂಡೊ ಸ್ವಿಚ್ ಒಂದನ್ನು ಮನೆಗೆ ತರಬೇಕೆಂದಿದ್ದೇನೆ. ನಮ್ಮಲ್ಲಿರುವುದು ಒಂದೇ ಟಿವಿ, ಸಂಜೆಯ ಹೊತ್ತು ಅದು ಅಪ್ಪ ಅಮ್ಮನ ಧಾರಾವಾಹಿಗಳಿಗೆ ಮೀಸಲು. ಆದ್ದರಿಂದ ಮಕ್ಕಳಿಬ್ಬರೂ ವಾರದ ದಿನಗಳಲ್ಲಿ ಕೈಯಲ್ಲಿ ಹಿಡಿದೇ ಆಡಬೇಕು, ಭಾನುವಾರ ಎಲ್ಲರೂ ಟಿವಿಯಲ್ಲಿ ಆಡಬಹುದು. ನಾನು ಓದಿದ ವಿಮರ್ಶೆಗಳಲ್ಲಿ ಕೆಲವರು ಇದನ್ನು ಟಿವಿಗೆ ಜೋಡಿಸಿಯೇ ಆಡುವ ಪ್ಲೇಸ್ಟೇಷನ್ 5ರೊಂದಿಗೆ ಹೋಲಿಸಿ ಚಿತ್ರದ ಗುಣಮಟ್ಟ ಸಾಲದು ಎನ್ನುತ್ತಾರೆ, ಇನ್ನು ಕೆಲವರು ಮೊಬೈಲಿನೊಂದಿಗೆ ಹೋಲಿಸಿ ದೊಡ್ಡದಾಯಿತು, ಭಾರವಾಯಿತು ಎನ್ನುತ್ತಾರೆ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವ ಯಂತ್ರವನ್ನು ಒಂದೇ ಕೆಲಸದ ಅಳತೆಗೋಲಿನಿಂದ ಅಳೆಯುವುದು ಸರಿಯೆಂದು ನನಗೆ ತೋರುವುದಿಲ್ಲ. 2021ರ ಓಎಲ್ಇಡಿ (ಪರದೆಯ ಒಂದು ಬಗೆ) ಮಾದರಿ ಮತ್ತು 2025ರ ಸ್ವಿಚ್ 2, ಇವೆರಡರ ನಡುವೆ ತೀರ್ಮಾನಿಸಲು ಏನೇನನ್ನು ನೋಡಬೇಕು? ಸಹೋದ್ಯೋಗಿಯೊಬ್ಬರು ಟೋಕಿಯೊಗೆ ಹೊರಟಿದ್ದು, ಅಲ್ಲಿ ಬೆಲೆ ಕಡಿಮೆಯೆಂದು ತಂದುಕೊಡಲು ಒಪ್ಪಿದ್ದಾರೆ.

ಬೆಸುಗೆಕಡ್ಡಿ

ಮೊದಲು ಡಾಕ್ ಬಗ್ಗೆ ಒಂದು ಮಾತು ಸ್ಪಷ್ಟವಾಗಿರಲಿ. ಟಿವಿಯ ಪಕ್ಕದಲ್ಲಿಡುವ ಆ ಡಾಕ್‌ನೊಳಗೆ ಗೇಮ್ ನಡೆಸುವ ಪ್ರೊಸೆಸರ್ ಯಾವುದೂ ಇಲ್ಲ. ವಿದ್ಯುತ್ತನ್ನು ಒಳಕ್ಕೆ, ಚಿತ್ರವನ್ನು ಟಿವಿಗೆ ಸಾಗಿಸುವುದಷ್ಟೇ ಅದರ ಕೆಲಸ. 2017ರ ಮಾರ್ಚಿನಲ್ಲಿ ಬಂದ ಮೊದಲ ಸ್ವಿಚ್‌ನಲ್ಲಿದ್ದದ್ದು ಎನ್‌ವಿಡಿಯಾದ ಟೆಗ್ರಾ ಎಕ್ಸ್1 ಚಿಪ್. ಡಾಕ್‌ನಲ್ಲಿದ್ದಾಗ ಅದರ ಗ್ರಾಫಿಕ್ಸ್ ಭಾಗ 768 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತದೆ, ಕೈಗೆತ್ತಿಕೊಂಡಾಗ ಬ್ಯಾಟರಿ ಉಳಿಸಲು 460ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಆಟದ ಲೆಕ್ಕಾಚಾರ ನಡೆಸುವ ಸಿಪಿಯು ಮಾತ್ರ ಎರಡೂ ಕಡೆ ಸುಮಾರು 1,020ರಲ್ಲೇ ಇರುತ್ತದೆ. ಆದ್ದರಿಂದ ಒಂದೇ ಆಟ ಎರಡೂ ಕಡೆ ಒಂದೇ ರೀತಿ ನಡೆಯುತ್ತದೆ, ಮುಖ್ಯವಾಗಿ ಬದಲಾಗುವುದು ಚಿತ್ರದ ಸೂಕ್ಷ್ಮತೆ. ಜೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್ ಟಿವಿಯಲ್ಲಿ 900ಪಿ (ಅಂದರೆ ಚಿತ್ರದಲ್ಲಿ 900 ಅಡ್ಡ ಸಾಲುಗಳು), ಕೈಯಲ್ಲಿ 720ಪಿ. ಐವತ್ತೈದು ಇಂಚಿನ ಟಿವಿಯಲ್ಲಿ ಮಸುಕೆನಿಸುವ ಅದೇ ಚಿತ್ರ ಏಳು ಇಂಚಿನ ಪರದೆಯಲ್ಲಿ ಚೊಕ್ಕಟವಾಗಿ ಕಾಣುತ್ತದೆ.

ಹಾಗಾಗಿ ಅಂಗಡಿಯಲ್ಲೋ ಸ್ನೇಹಿತರ ಮನೆಯಲ್ಲೋ ಪರೀಕ್ಷಿಸುವಾಗ ಒಂದೇ ಆಟವನ್ನು ಎರಡೂ ರೀತಿಯಲ್ಲಿ ಆಡಿ ನೋಡಿ. ಮಾರಿಯೊ ಕಾರ್ಟ್ 8 ಡಿಲಕ್ಸ್ ಇದಕ್ಕೆ ಬಹಳ ಒಳ್ಳೆಯದು. ಒಬ್ಬರು ಅಥವಾ ಇಬ್ಬರು ಆಡುವಾಗ ಅದು ಸೆಕೆಂಡಿಗೆ 60 ಫ್ರೇಮ್ (ಅಂದರೆ 60 ಚಿತ್ರ) ಕೊಡುತ್ತದೆ, ಮೂರನೆಯವರು ಸೇರಿದೊಡನೆ 30ಕ್ಕೆ ಇಳಿಯುತ್ತದೆ. ಭಾನುವಾರ ನಾಲ್ವರು ಕೂತು ಆಡುವ ಮನೆಯವರು ನೋಡಬೇಕಾದದ್ದು ಈ ಇಳಿತ ತಮಗೆ ಸಹ್ಯವೇ ಎಂಬುದನ್ನು.

ಬಳಿಕ, ಆಟ ನಡೆಯುತ್ತಿರುವಾಗಲೇ ಕನ್ಸೋಲನ್ನು ಡಾಕ್‌ನಿಂದ ಎತ್ತಿ. ಕೆಲವೇ ಕ್ಷಣಗಳಲ್ಲಿ ಅದೇ ತಿರುವು, ಅದೇ ಓಟ ನಿಮ್ಮ ಕೈಯಲ್ಲಿರುತ್ತದೆ. ನಿಂಟೆಂಡೊದ 2012ರ ಕನ್ಸೋಲ್ ವೀ ಯೂನಲ್ಲೂ ಕೈಯಲ್ಲಿ ಹಿಡಿಯುವ ಪರದೆ ಇತ್ತು, ಆದರೆ ಆಟ ನಡೆಯುತ್ತಿದ್ದದ್ದು ಟಿವಿ ಬಳಿಯ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯಿಂದ ದೂರ ಹೋದರೆ ಪರದೆ ಕೆಲಸಕ್ಕೆ ಬಾರದು. ಆ ಸಂಕೋಲೆಯನ್ನು ಕಳಚಿದ್ದೇ ಸ್ವಿಚ್‌ನ ನಿಜವಾದ ಸಾಧನೆಯೆಂದು ನಾನು ತಿಳಿದಿದ್ದೇನೆ. ಆ ಸೌಲಭ್ಯ ನಿಮ್ಮ ಮನೆಯಲ್ಲಿ ದಿನವೂ ಬಳಕೆಯಾಗುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ಸದಾ ಟಿವಿಯಲ್ಲೇ ಆಡುವವರಾದರೆ ಓಎಲ್ಇಡಿ ಪರದೆಗೆ ಹೆಚ್ಚು ಹಣ ಕೊಡುವುದು ವ್ಯರ್ಥ, ಏಕೆಂದರೆ ಟಿವಿಗೆ ಹೋಗುವ ಚಿತ್ರ ಹಳೆಯ ಮಾದರಿಯದ್ದೇ, ಗರಿಷ್ಠ 1080ಪಿ. ಸ್ವಿಚ್ 2 ಮಾತ್ರ, ಕಡಿಮೆ ಸೂಕ್ಷ್ಮತೆಯ ಚಿತ್ರವನ್ನು ಹಿಗ್ಗಿಸಿ ಸ್ಪಷ್ಟಗೊಳಿಸುವ ತಂತ್ರವಾದ ಡಿಎಲ್‌ಎಸ್‌ಎಸ್ ನೆರವಿನಿಂದ ಟಿವಿಯಲ್ಲಿ 4ಕೆವರೆಗೆ ಏರಬಲ್ಲದು.

ಮೈಸೂರುಸಂಜೆ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಆಡುವವರು ಮಕ್ಕಳಾದ್ದರಿಂದ ಅವರ ಕೈಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪರದೆಯ ಎರಡೂ ಬದಿಗೆ ಸಿಕ್ಕಿಸುವ ಕಂಟ್ರೋಲರ್‌ಗಳಾದ ಜಾಯ್-ಕಾನ್‌ಗಳನ್ನು ಸೇರಿಸಿ ಓಎಲ್ಇಡಿ ಮಾದರಿ ಸುಮಾರು 420 ಗ್ರಾಂ ತೂಗುತ್ತದೆ, 7.9 ಇಂಚಿನ ಪರದೆಯ ಸ್ವಿಚ್ 2 ಸುಮಾರು 534 ಗ್ರಾಂ. ಕಾಗದದ ಮೇಲೆ ಅಲ್ಪವೆನಿಸುವ ಈ ವ್ಯತ್ಯಾಸ ಮಂಚದ ಮೇಲೆ ಒರಗಿ ಒಂದು ಗಂಟೆ ಆಡಿದಾಗ ಮಣಿಕಟ್ಟಿಗೆ ತಿಳಿಯುತ್ತದೆ. ಬ್ಯಾಟರಿಯೂ ಅಷ್ಟೇ: ಕಂಪನಿಯೇ ಹೇಳುವಂತೆ ಓಎಲ್ಇಡಿ ಮಾದರಿಗೆ ನಾಲ್ಕೂವರೆಯಿಂದ ಒಂಬತ್ತು ಗಂಟೆ, ಸ್ವಿಚ್ 2ಕ್ಕೆ ಎರಡರಿಂದ ಆರೂವರೆ ಗಂಟೆ. ದೊಡ್ಡ ಆಟಗಳಿಗೆ ಅನ್ವಯಿಸುವುದು ಕಡಿಮೆ ಅಂಕಿಯೇ ಎಂದು ಭಾವಿಸಿಕೊಳ್ಳಿ.

ಇನ್ನು ಕಂಟ್ರೋಲರ್ ಸ್ಟಿಕ್. ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದು ಕಡೆಗೆ ಸರಿಯುವ ‘ಡ್ರಿಫ್ಟ್’ ತೊಂದರೆ ಜಾಯ್-ಕಾನ್‌ಗಳಲ್ಲಿ ಬಹಳ ಕಂಡುಬಂದಿದೆ. ಸ್ಟಿಕ್ಕಿನ ಒಳಗೆ ಉಜ್ಜುವ ಭಾಗಗಳು ಸವೆಯುವುದು ಅದಕ್ಕೊಂದು ಮುಖ್ಯ ಕಾರಣ. ಸವೆಯದಂತೆ ಅಯಸ್ಕಾಂತದ ನೆರವಿನಿಂದ ನಡೆಯುವ ಸ್ಟಿಕ್‌ಗಳನ್ನು ಸ್ವಿಚ್ 2ರಲ್ಲೂ ಬಳಸಿಲ್ಲ. ಮಕ್ಕಳಿರುವ ಮನೆಯವರು ಮುಂದೊಂದು ಜೊತೆ ಕಂಟ್ರೋಲರ್ ಕೊಳ್ಳುವ ಖರ್ಚನ್ನು ಈಗಲೇ ಬೆಲೆಗೆ ಸೇರಿಸಿಕೊಂಡರೆ ಲೆಕ್ಕ ನಿಜವಾಗುತ್ತದೆ. ಆದರೂ ಆ ಎರಡು ಜಾಯ್-ಕಾನ್‌ಗಳನ್ನು ಕಳಚಿ ಅಡ್ಡ ಹಿಡಿದರೆ, ಬೇರೇನನ್ನೂ ಕೊಳ್ಳದೆ ಇಬ್ಬರು ಮಕ್ಕಳು ಮೇಜಿನ ಮೇಲೆ ಪರದೆಯಿಟ್ಟು ಜೊತೆಯಾಗಿ ಆಡಬಹುದೆಂಬುದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ. ಬೆಲೆ ಕಡಿಮೆಯೆಂದು ಸ್ವಿಚ್ ಲೈಟ್‌ನತ್ತ ಹೋಗಬೇಡಿ. ಅದರ ಕಂಟ್ರೋಲರ್ ಕಳಚಲು ಬರುವುದಿಲ್ಲ, ಟಿವಿಗೂ ಜೋಡಿಸಲಾಗದು.

ಹಳೇಕಾರ್ಟ್ರಿಜ್

ಟೋಕಿಯೊದಿಂದ ತರಿಸುವ ವಿಚಾರದಲ್ಲಿ ದಯವಿಟ್ಟು ಎಚ್ಚರ ವಹಿಸಿ. ಜಪಾನಿನಲ್ಲಿ ಸ್ವಿಚ್ 2 ಎರಡು ರೂಪದಲ್ಲಿ ಬಂದಿತು. ಬಿಡುಗಡೆಯಾದಾಗ 49,980 ಯೆನ್ ಇದ್ದದ್ದು ಜಪಾನಿ ಭಾಷೆಯ ಆವೃತ್ತಿ. ಅದರ ಮೆನುಗಳು ಜಪಾನಿಯಲ್ಲಿ ಮಾತ್ರ ಇರುತ್ತವೆ, ಜಪಾನನ್ನು ದೇಶವಾಗಿ ಆರಿಸಿಕೊಂಡ ಖಾತೆಯನ್ನು ಮಾತ್ರ ಅದಕ್ಕೆ ಸೇರಿಸಬಹುದು. ಹಲವು ಭಾಷೆಗಳ ಆವೃತ್ತಿಗೆ 69,980 ಯೆನ್ ಇತ್ತು. ಅಗ್ಗದ್ದನ್ನೇ ತಂದರೆ ಮಕ್ಕಳಿಗೆ ಬಳಸಲು ಕಷ್ಟವಾಗುತ್ತದೆ. ಓಎಲ್ಇಡಿ ಮಾದರಿಗೆ ಈ ಕಟ್ಟು ಇಲ್ಲ: ಜಪಾನಿನಲ್ಲಿ ಕೊಂಡರೂ ಇಂಗ್ಲಿಷ್ ಆರಿಸಿಕೊಳ್ಳಬಹುದು, ಚೀನಾದ್ದನ್ನು ಬಿಟ್ಟು ಬೇರೆ ಯಾವ ದೇಶದ ಗೇಮ್ ಕಾರ್ಡ್ (ಆಟವಿರುವ ಪುಟ್ಟ ಕಾರ್ಡ್) ಹಾಕಿದರೂ ನಡೆಯುತ್ತದೆ.

ಭಾರತಕ್ಕೆಂದು ನಿಂಟೆಂಡೊ ಇ-ಶಾಪ್ (ಆಟಗಳನ್ನು ಕೊಂಡು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿ) ಇಲ್ಲದ್ದರಿಂದ ಖಾತೆ ತೆರೆಯುವಾಗ ಬೇರೊಂದು ದೇಶವನ್ನು ಆರಿಸಬೇಕಾಗುತ್ತದೆ. ಇಲ್ಲಿ ಸಿಗುವ ಕನ್ಸೋಲ್‌ಗಳು ಬಹುಪಾಲು ಆಮದಾದವು. ಹಾಗಾಗಿ ವಾರಂಟಿ ಕಂಪನಿಯದೋ ಅಂಗಡಿಯದೋ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಕ್ಷೇಮ. ಕಾರ್ಡ್ ಕೊಂಡರೆ ಆಡಿ ಮುಗಿಸಿ ಮಾರಬಹುದು, ಇದು ನನ್ನ ದೃಷ್ಟಿಯಲ್ಲಿ ದೊಡ್ಡ ಉಳಿತಾಯ. ಆದರೆ ಸ್ವಿಚ್ 2ರ ಕೆಲವು ಆಟಗಳು ‘ಗೇಮ್-ಕೀ ಕಾರ್ಡ್’ ರೂಪದಲ್ಲಿ ಬರುತ್ತವೆ. ಆ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ. ಇಡೀ ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಆಡುವಾಗ ಕಾರ್ಡನ್ನೂ ಹಾಕಿರಬೇಕು. ಹಳೆಯ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಸ್ವಿಚ್ 2ರ ಆಟಗಳನ್ನು ಇಡಲು ಬರುವುದಿಲ್ಲ, ‘ಎಕ್ಸ್‌ಪ್ರೆಸ್’ ಮಾದರಿಯದ್ದೇ ಬೇಕು, ಅದರ ಬೆಲೆಯೂ ಹೆಚ್ಚು.

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ವಾರದಲ್ಲಿ ಹೆಚ್ಚಿನ ಆಟ ಕೈಯಲ್ಲೇ ನಡೆಯುವುದರಿಂದ, ತೂಕ ಮತ್ತು ಬ್ಯಾಟರಿಯನ್ನು ನೋಡಿ ಓಎಲ್ಇಡಿ ಮಾದರಿಯನ್ನೇ ತರಿಸಲು ನಿರ್ಧರಿಸಿದ್ದೇನೆ. ಒಂದು ಸಂದೇಹ ಉಳಿದಿದೆ. ಜಪಾನಿನ ವಿದ್ಯುತ್ 100 ವೋಲ್ಟ್. ಅಲ್ಲಿಯ ಚಾರ್ಜರನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಬಹುದೇ?

ಬೆಸುಗೆಕಡ್ಡಿ

ಹಾಕಬಹುದು. ನಿಂಟೆಂಡೊದ ಅಡಾಪ್ಟರ್ ಮೇಲೆಯೇ 100ರಿಂದ 240 ವೋಲ್ಟ್ ಎಂದು ಮುದ್ರಿಸಿರುತ್ತದೆ, ಚಪ್ಪಟೆ ಪಿನ್ನುಗಳಿಗೆ ಒಂದು ಪ್ಲಗ್ ಕನ್ವರ್ಟರ್ ಇದ್ದರೆ ಸಾಕು. ಆದರೆ ಡಾಕ್‌ಗೆ ಮೊಬೈಲಿನ ಮಾಮೂಲಿ ಚಾರ್ಜರ್ ಸಾಲುವುದಿಲ್ಲ, ಅದಕ್ಕೆ ಪೆಟ್ಟಿಗೆಯಲ್ಲಿ ಬರುವ 39 ವ್ಯಾಟ್‌ನ ಅಡಾಪ್ಟರನ್ನೇ ಬಳಸಿ. ಬೇರೆ ಕಂಪನಿಗಳ ಅಗ್ಗದ ಡಾಕ್‌ಗಳನ್ನು ಕೊಳ್ಳಬೇಡಿ. 2018ರ ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ಅಂಥ ಕೆಲವು ಡಾಕ್‌ಗಳಿಗೆ ಹಾಕಿದ್ದ ಕನ್ಸೋಲ್‌ಗಳು ಕೆಟ್ಟುಹೋದ ವರದಿಗಳು ಹಲವು ಕಡೆಗಳಿಂದ ಬಂದಿದ್ದವು.