ಮಗನಿಗೆ ಫುಟ್‌ಬಾಲ್ ಅಕಾಡೆಮಿಯಿಂದ ಕರೆ ಬಂದಿದೆ, ಕಳಿಸಿದವರು ಯಾರಾದ್ರೂ ಇದ್ದೀರಾ?

ಹಾಸನದವಳು, ಎಸೆನ್:
ಜರ್ಮನಿಯ ಕನ್ನಡಿಗರೆಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಆಯ್ತು, ಬೇಜಾರಾಗ್ಬೇಡಿ. ಮಗನಿಗೆ 11 ವರ್ಷ, ಗಿಮ್ನಾಜಿಯಂ (ಇಲ್ಲಿನ ಹೈಸ್ಕೂಲು) ಆರನೇ ಕ್ಲಾಸು. ಮನೆ ಹತ್ತಿರದ ಸಣ್ಣ ಕ್ಲಬ್ಬಲ್ಲಿ ಮಿಡ್‌ಫೀಲ್ಡ್ ಆಡ್ತಾನೆ. ಹೋದ ತಿಂಗಳು ಒಂದು ದೊಡ್ಡ ಕ್ಲಬ್ಬಿನವರು ಬಂದು ನೋಡ್ಕೊಂಡು ಹೋಗಿದ್ರಂತೆ, ಈಗ ಪ್ರೋಬೆಟ್ರೈನಿಂಗ್‌ಗೆ (ಆಡಿಸಿ ನೋಡೋ ಟ್ರಯಲ್) ಕರೆದಿದ್ದಾರೆ. ತಗೊಂಡ್ರೆ ವಾರಕ್ಕೆ ನಾಲ್ಕು ದಿನ ಪ್ರಾಕ್ಟೀಸು, ಶನಿವಾರವೋ ಭಾನುವಾರವೋ ಮ್ಯಾಚು. ಏಳನೇ ಕ್ಲಾಸಿಂದ ಲ್ಯಾಟಿನ್ನೋ ಫ್ರೆಂಚೋ ಬೇರೆ ಶುರು. ನಮ್ಮನೆಯವರು "ಆಡ್ಲಿ, ಆದ್ರೆ ಅದೇ ಜೀವನ ಆಗೋದು ಬೇಡ" ಅಂತಾರೆ. ಇವನ ಕೋಚ್ ಟರ್ಕಿ ಮೂಲದವರು, ಜರ್ಮನಿ ತಂಡದಲ್ಲಿ ಆಡಿದ ಗುಂಡೊವಾನ್ ಕೂಡ ಹಾಗೇ. "ಗುಂಡೊವಾನ್ ನೋಡಿ, ಪಕ್ಕದ ಗೆಲ್ಸೆನ್‌ಕಿರ್ಷನ್ ಹುಡುಗ" ಅಂತ ಹೇಳಿ ಹೇಳಿ ಮಗನ ತಲೆ ಕೆಡಿಸಿದ್ದಾರೆ. ಈಗ ಮನೇಲಿ ಗುಂಡಣ್ಣಂದೇ ಜಪ. ಓದಿನ ಗತಿ ಏನಾಗತ್ತೆ, ಗೊತ್ತಿದ್ದವರು ಹೇಳಿ ಪ್ಲೀಸ್.

ತುಮಕೂರು, ಬಾನ್:
ಕಂಗ್ರಾಟ್ಸ್ ಮೇಡಂ! ಭಾನುವಾರದ ಕನ್ನಡ ಕ್ಲಾಸು ಮಾತ್ರ ತಪ್ಪಿಸಬೇಡಿ.

ಬೆಳಗಾವಿ ಹುಡುಗ, ಡಾರ್ಟ್‌ಮುಂಡ್:
ಅಕ್ಕಾರ, ನಿಮ್ಮ ಕೋಚ್ ಅರ್ಧಾ ಕಥಿ ಹೇಳ್ಯಾರ. ಗುಂಡೊವಾನ್ 1998ರಾಗ ಅಲ್ಲಿನ ದೊಡ್ಡ ಕ್ಲಬ್ ಶಾಲ್ಕೆಗೆ ಹೋದಾಂವ ಒಂದ ವರ್ಷಕ್ಕ ವಾಪಸ್ ಬಂದಾನ. ಮುಂದ 2004ರ ತನಕ ಅದ ಓಣಿ ಕ್ಲಬ್, ಹೆಸ್ಲರ್. ಅಂದ್ರ ನಿಮ್ಮ ಮಗನ ವಯಸ್ಸಿನ್ಯಾಗ ಅಂವಾ ಯಾವ ದೊಡ್ಡ ಕ್ಲಬ್ಬಿನ್ಯಾಗೂ ಇರಲಿಲ್ಲ! ಬೋಖುಮ್ ಕ್ಲಬ್ ಸೇರಿದ್ದು 14ನೇ ವಯಸ್ಸಿಗೆ, 2009ಕ್ಕ ನ್ಯೂರ್ನ್‌ಬರ್ಗ್. ಅಲ್ಲಿ ಬುಂಡೆಸ್‌ಲೀಗಾ (ಇಲ್ಲಿನ ಮೇಲಿನ ಲೀಗ್) ಆಡಕೋತ ಆಬಿಟೂರ್ (ಗಿಮ್ನಾಜಿಯಂ ಕೊನೀ ಪರೀಕ್ಷಾ) ಮುಗಿಸ್ಯಾನ, ನಿಮ್ಮನಿಯವ್ರಿಗೆ ಇದನ್ನ ಹೇಳ್ರಿ. ಡಾರ್ಟ್‌ಮುಂಡಿಗೆ ಬಂದದ್ದು 2011ರಾಗ, ಮರುವರ್ಷ ಲೀಗೂ ಕಪ್ಪೂ ಎರಡೂ ನಮ್ಮವ. 2013ರ ಚಾಂಪಿಯನ್ಸ್ ಲೀಗ್ ವೆಂಬ್ಲಿ ಫೈನಲ್‌ದಾಗ ಪೆನಾಲ್ಟಿ ಹೊಡದ, ಆದ್ರೂ ಮ್ಯೂನಿಕ್ಕಿನ ಬಾಯರ್ನ್ ಗೆದ್ರು. ಆ ಸಂಕಟ ಇನ್ನೂ ಹೋಗಿಲ್ಲ ನೋಡ್ರಿ.

ಮೈಸೂರು ರಾಯರು, ಮ್ಯೂನಿಕ್:
24 ವರ್ಷದಿಂದ ಈ ದೇಶದಲ್ಲಿದ್ದೇನೆ, ನೇರವಾಗಿ ಹೇಳ್ತೀನಿ. ಬೇಡ. ಗುಂಡೊವಾನ್ ಹೆಸರು ಹೇಳ್ತೀರಲ್ಲ, 2018ರಲ್ಲಿ ಏನಾಯ್ತು ಮರೆತ್ರಾ? ಅವನೂ, ಅವನ ಹಾಗೇ ಟರ್ಕಿ ಮೂಲದ ಜರ್ಮನ್ ಆಟಗಾರ ಓಝಿಲ್‌ನೂ ಟರ್ಕಿ ಅಧ್ಯಕ್ಷರ ಜೊತೆ ಫೋಟೋ ತೆಗೆಸಿಕೊಂಡ್ರು. ಫೋಟೋ ತಪ್ಪೋ ಸರಿಯೋ ಬಿಡಿ. ಲೆವರ್‌ಕುಸೆನ್‌ನಲ್ಲಿ ಸೌದಿ ವಿರುದ್ಧ ಮ್ಯಾಚು, ತನ್ನ ದೇಶದ ಜರ್ಸಿ ತೊಟ್ಟ ಗುಂಡೊವಾನ್‌ಗೆ ತನ್ನದೇ ಜನ ಶಿಳ್ಳೆ ಹಾಕಿ ಹೀಯಾಳಿಸಿದ್ರು. ಓಝಿಲ್ 2014ರ ವಿಶ್ವಕಪ್ ಗೆದ್ದವನು, ಹುಟ್ಟಿದ್ದು ಇದೇ ನೆಲದಲ್ಲಿ. ಕಡೆಗೆ, ಗೆದ್ದರೆ ಜರ್ಮನ್, ಸೋತರೆ ವಲಸಿಗ ಅನ್ನೋ ಅರ್ಥದ ಮಾತು ಹೇಳಿ ತಂಡ ಬಿಟ್ಟ. ಅವನ ಗತಿಯೇ ಹಾಗಾದ್ರೆ ನಮ್ಮ ಮಕ್ಕಳದ್ದು? ನಮ್ಮ ಆಸ್ತಿ ಅಂದ್ರೆ ವಿದ್ಯೆ. ನನ್ನ ಮಗಳು ಇಲ್ಲಿ ಮೆಡಿಸಿನ್ ಓದ್ತಿದ್ದಾಳೆ, ಯಾರೂ ಶಿಳ್ಳೆ ಹಾಕಿಲ್ಲ.

ದಾವಣಗೆರೆ ಅಪ್ಪ, ಡುಸೆಲ್ಡಾರ್ಫ್:
ತಂಗಿ, ನನ್ನ ಮಗ ಇಂಥದ್ದೇ ಒಂದು ಕಡೆ 12ರಿಂದ 14ರ ತನಕ ಇದ್ದ. ಮೂರು ವಿಷಯ ಕೇಳಿಕೊಂಡು ಬಾ. ಕರೆದೊಯ್ಯೋಕೆ ಅವರ ವ್ಯಾನ್ ಇದೆಯಾ? ಇಲ್ಲದಿದ್ರೆ ನಿನ್ನ ಸಂಜೆಗಳೆಲ್ಲ ಆಟೋಬಾನ್ ಮೇಲೇ ಕಳೀತಾವೆ. ಯಾವ ಸ್ಕೂಲ್ ಜೊತೆ ಒಪ್ಪಂದ ಇದೆ, ಮಾರ್ಕ್ಸ್ ಬಿದ್ರೆ ಏನ್ಮಾಡ್ತಾರೆ? ಮುಂದಿನ ವರ್ಷಕ್ಕೆ ಉಳಿಸ್ಕೊಳ್ತಾರೋ ಇಲ್ವೋ, ಯಾವ ತಿಂಗಳಲ್ಲಿ ಹೇಳ್ತಾರೆ? ನಮಗೆ ಒಂದು ಸಂಜೆ ಹತ್ತು ನಿಮಿಷ ಕೂರಿಸಿಕೊಂಡು ಸಾಕು ಅಂದ್ರು. ಹುಡುಗ ಎರಡು ವಾರ ಚೆಂಡು ಮುಟ್ಟಲಿಲ್ಲ. ಆಮೇಲೆ ಹಳೇ ಕ್ಲಬ್ಬಿಗೆ ಹೋದ, ಈಗ ಆರಾಮಾಗಿ ಆಡ್ತಾನೆ. ಹಳೇ ಕೋಚ್ ಹತ್ರ ಮಾತ್ರ ಮನಸ್ತಾಪ ಮಾಡ್ಕೋಬೇಡ. ಬದಲಾಯಿಸೋದೇ ಆದ್ರೆ ಜೂನ್ 30ರೊಳಗೆ ಹಳೇ ಕ್ಲಬ್ಬಿಂದ ಅಬ್‌ಮೆಲ್ಡುಂಗ್ (ಬಿಡ್ತೀವಿ ಅಂತ ಹೆಸರು ತೆಗೆಸೋದು) ಆಗಬೇಕು.

ಮಂಗಳೂರು, ಸ್ಟುಟ್‌ಗಾರ್ಟ್:
ರಾಯರೇ, ಅರ್ಧ ಹೇಳಿ ನಿಲ್ಲಿಸಿದ್ದು ಯಾಕೆ ಮಾರಾಯ್ರೆ? ಗುಂಡೊವಾನ್ ಆಗ ಬಿಟ್ಟು ಹೋಗ್ಲಿಲ್ಲ ಅಲ್ವಾ. 2024ರ ಯೂರೋ ಕಪ್ಪಲ್ಲಿ ಜರ್ಮನಿಗೆ ಅವನೇ ಕ್ಯಾಪ್ಟನ್. ಇಲ್ಲಿ ನಮ್ಮೂರಲ್ಲಿ ಹಂಗೇರಿ ಮೇಲೆ ಗೋಲು ಹೊಡೆದಾಗ ನಾನು ಸ್ಟೇಡಿಯಮ್ಮಲ್ಲೇ ಇದ್ದೆ, ಶಿಳ್ಳೆ ಹಾಕಿದ್ದು ಹೌದು, ಖುಷಿಗೆ.

ಮೈಸೂರು ರಾಯರು, ಮ್ಯೂನಿಕ್:
ಒಂದು ಗೋಲಿಗೆ ಎಲ್ಲ ಮರೆತುಬಿಡೋದು ನಮ್ಮ ಜನರ ದೌರ್ಬಲ್ಯ. ಓಝಿಲ್ ವಿಷಯಕ್ಕೆ ಉತ್ತರ ಕೊಡಿ.

ಕೆಜಿಎಫ್‌ನವನು, ಬೋಟ್ರಾಪ್:
ವಿಷಯ ಬೇರೆ ಅಂದ್ಕೊಂಡ್ರೂ ಪರವಾಗಿಲ್ಲ. ಗುಂಡೊವಾನ್ ತಾತ ಇಲ್ಲಿಗೆ ಬಂದಿದ್ದು ಕಲ್ಲಿದ್ದಲು ಗಣಿ ಕೆಲಸಕ್ಕೆ. ನಮ್ಮ ತಾತ ಕೋಲಾರದ ಚಿನ್ನದ ಗಣಿ. 2001ರಲ್ಲಿ ನಮ್ಮೂರ ಗಣಿ ಮುಚ್ಚಿದಾಗ ನಾನು ಹೈಸ್ಕೂಲು. 2018ರ ಡಿಸೆಂಬರಲ್ಲಿ ಈ ದೇಶದ ಕೊನೇ ನೆಲದಾಳದ ಕಲ್ಲಿದ್ದಲು ಗಣಿ ಮುಚ್ಚಿದ್ದು ಇದೇ ಬೋಟ್ರಾಪಲ್ಲಿ. ಆ ದಿನ ಟಿವಿ ಮುಂದೆ ಕೂತು ಅತ್ತಿದ್ದೀನಿ, ಹೆಂಡತಿಗೆ ಯಾಕೆ ಅಂತ ಅರ್ಥ ಆಗ್ಲಿಲ್ಲ. ಊರಲ್ಲಿ ನಾನೂ ಬ್ಯಾಕ್ ಆಡ್ತಿದ್ದೆ. ಎಸ್ಸೆಸ್ಸೆಲ್ಸಿ ವರ್ಷ ಅಪ್ಪ ಬೂಟು ತಗೊಂಡು ಅಟ್ಟದ ಮೇಲೆ ಎಸೆದ್ರು. ಅಪ್ಪ ಮಾಡಿದ್ದು ತಪ್ಪು ಅಂತ ಹೇಳೋಕೆ ನಂಗೆ ಈಗ್ಲೂ ಆಗಲ್ಲ, ಇಂಜಿನಿಯರಾಗಿ ಬಂದೇ ಇಲ್ಲಿ ಮನೆ ಕಟ್ಟಿದ್ದು. ಆದ್ರೂ ಊರಿಗೆ ಹೋದಾಗೆಲ್ಲ ಒಂದ್ಸಲ ಅಟ್ಟ ನೋಡ್ತೀನಿ.

ತುಮಕೂರು, ಬಾನ್:
ಮ್ಯಾಚು ಭಾನುವಾರ ಇದ್ರೆ ಕನ್ನಡ ಕ್ಲಾಸಿನ ಕಥೆ ಏನು? ಯಾರೂ ಹೇಳ್ತಿಲ್ಲ.

ಬೆಳಗಾವಿ ಹುಡುಗ, ಡಾರ್ಟ್‌ಮುಂಡ್:
ಇನ್ನೊಂದು ಮರತಿದ್ದೆ ಅಕ್ಕಾರ. ಗಾಯ ಅಂದ್ರ ಹುಡುಗಾಟ ಅಲ್ಲ. ಗುಂಡೊವಾನ್‌ಗ ಬೆನ್ನು ನೋವಿಂದ 2014ರ ವಿಶ್ವಕಪ್ ಹೋತು, ಮಂಡಿಚಿಪ್ಪು ಸರದು 2016ರ ಯೂರೋ ಹೋತು, ಅದ ವರ್ಷ ಮ್ಯಾಂಚೆಸ್ಟರ್ ಸಿಟಿಗೆ ಹೋಗಿ ಡಿಸೆಂಬರ್‌ದಾಗ ಮೊಣಕಾಲಿನ ಲಿಗಮೆಂಟ್ ಹರಕೊಂಡ. ಇಷ್ಟಾಗಿ 2023ರಾಗ ಕ್ಯಾಪ್ಟನ್ ಆಗಿ ಮೂರು ಕಪ್ ಎತ್ಯಾನ. ಚಾಂಪಿಯನ್ಸ್ ಲೀಗ್ ಫೈನಲ್ ಇದ್ದದ್ದು ಎಲ್ಲಿ, ಇಸ್ತಾಂಬುಲ್! ಅಜ್ಜ ಬಿಟ್ಟು ಬಂದ ದೇಶಕ್ಕ ಮೊಮ್ಮಗ ಹೋಗಿ ಕಪ್ ಹಿಡದ ಅಂದ್ರ ಆ ಮನ್ಯಾಗ ಏನಾಗಿರಬಾರದು.

ಮೈಸೂರು ರಾಯರು, ಮ್ಯೂನಿಕ್:
ನೋಡಿ, ನೀವೇ ಹೇಳಿದ್ರಿ. ಕಪ್ ಎತ್ತಿದ್ದು ಇಂಗ್ಲೆಂಡ್ ಕ್ಲಬ್ಬಿಗೆ, ಖುಷಿಪಟ್ಟಿದ್ದು ಟರ್ಕಿಯವರು. ಜರ್ಮನಿಗೆ ಅವನು ಯಾರು?

ಮಂಗಳೂರು, ಸ್ಟುಟ್‌ಗಾರ್ಟ್:
2024ರ ತನಕ ಕ್ಯಾಪ್ಟನ್. ಒಂದ್ಸಲ ಹೇಳಿದ್ನಲ್ಲ.

ಶಿರಸಿ, ಹ್ಯಾಂಬರ್ಗ್:
ಭಾರತ ಮೂಲದವರಿಗೆ ಆಗದು ಅಂತೇನಿಲ್ಲ. ಸರ್ಪ್ರೀತ್ ಸಿಂಗ್ ನ್ಯೂಜಿಲೆಂಡಿನ ಪಂಜಾಬಿ ಹುಡುಗ, ಮಿಡ್‌ಫೀಲ್ಡರೇ, 2019ರ ಡಿಸೆಂಬರಿನಲ್ಲಿ ಬಾಯರ್ನ್ ಪರ ಬುಂಡೆಸ್‌ಲೀಗಾ ಆಡಿದ. ರಾಯರ ಊರಲ್ಲೇ.

ಮೈಸೂರು ರಾಯರು, ಮ್ಯೂನಿಕ್:
ಅಲ್ಲಿ ಎಷ್ಟು ಮ್ಯಾಚ್ ಆಡಿದ? ಲೆಕ್ಕ ಹಾಕಿ ಆಮೇಲೆ ಮಾತಾಡಿ.

ಹಾಸನದವಳು, ಎಸೆನ್:
ಎಲ್ಲರಿಗೂ ಥ್ಯಾಂಕ್ಸ್. ಗುಂಡೊವಾನ್ ಆಬಿಟೂರ್ ಮುಗಿಸಿದ್ದು ಓದಿ ನಮ್ಮನೆಯವರು "ಹೌದಾ" ಅಂದ್ರು, ಅಷ್ಟೇ. ಆದ್ರೆ ಪ್ರೋಬೆಟ್ರೈನಿಂಗ್ ದಿನ ತಾವೇ ಬಿಟ್ಟುಬರ್ತಾರಂತೆ. ದಾವಣಗೆರೆ ಅಣ್ಣಾ, ಆ ಅಬ್‌ಮೆಲ್ಡುಂಗ್‌ಗೆ ಇಮೇಲ್ ಸಾಕಾ, ಪೋಸ್ಟಲ್ಲೇ ಕಳಿಸಬೇಕಾ?

ಮೈಸೂರು ರಾಯರು, ಮ್ಯೂನಿಕ್:
ಓಝಿಲ್ ಬಗ್ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ದಾವಣಗೆರೆ ಅಪ್ಪ, ಡುಸೆಲ್ಡಾರ್ಫ್:
ನಾವು ಐನ್‌ಶ್ರೈಬೆನ್ (ರಿಜಿಸ್ಟರ್ಡ್ ಪೋಸ್ಟ್) ಮಾಡಿದ್ವಿ ತಂಗಿ. ರಸೀದಿ ಎತ್ತಿಟ್ಕೋ.