ಸಾಮಾಜಿಕ ಉದ್ಯಮ ಅಂದರೆ ಒಳ್ಳೆ ಹೆಸರಿನ ವ್ಯಾಪಾರ ಅಷ್ಟೇನಾ?

ಪ್ರಶ್ನೆ: ಮೊದಲ ಕೆಲಸ

ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ. ಒಂದು ಮಾಮೂಲಿ ಕಂಪನಿ. ಇನ್ನೊಂದು, ಕರೆಂಟಿಲ್ಲದ ಹಳ್ಳಿಗಳಿಗೆ ಕಂತಿನ ಮೇಲೆ ಸೋಲಾರ್ ದೀಪ ಮಾರುವ ಸಂಸ್ಥೆ. ತಮ್ಮದು ಸೋಷಿಯಲ್ ಎಂಟರ್‌ಪ್ರೈಸ್, ದಾನವೂ ಅಲ್ಲ, ಬರೀ ವ್ಯಾಪಾರವೂ ಅಲ್ಲ ಅನ್ನುತ್ತಾರೆ. ಬಡ ದೇಶಗಳಲ್ಲಿ ಇವುಗಳಿಂದ ನಿಜಕ್ಕೂ ಏನಾದರೂ ಆಗುತ್ತದಾ? ಇಂಟರ್‌ವ್ಯೂನಲ್ಲಿ ನಾನೇನು ಕೇಳಲಿ?

ಉತ್ತರ: ಲೆಕ್ಕಿಗ

ಸೋಷಿಯಲ್ ಎಂಟರ್‌ಪ್ರೈಸ್ ಅಂದರೆ ಖರ್ಚು ಮಾರಾಟದಿಂದಲೇ ಹುಟ್ಟಬೇಕು, ಉಳಿದದ್ದು ಮತ್ತೆ ಅದೇ ಕೆಲಸಕ್ಕೆ ಹೋಗಬೇಕು. ಯಾವ ಹೆಸರಲ್ಲಿ ನೋಂದಣಿ, ಟ್ರಸ್ಟೋ ಕಂಪನಿಯೋ, ಅಂತ ನೋಡಿದರೆ ಏನೂ ತಿಳಿಯುವುದಿಲ್ಲ. ಅರವಿಂದ್ ಕಣ್ಣಿನ ಆಸ್ಪತ್ರೆ ನಡೆಸುವುದು ಟ್ರಸ್ಟ್. ಬಡವರಿಗೆ ಸಣ್ಣ ಸಾಲ ಕೊಡುವ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಬ್ಯಾಂಕೇ, ಆದರೆ ಅದರ ಹೆಚ್ಚಿನ ಷೇರು ಸಾಲ ಪಡೆದವರ ಕೈಯಲ್ಲೇ ಇದೆ.

ಉತ್ತರ: ಹಳೇ ವಸೂಲಿಗಾರ

ನಾನು ಇಂಥದ್ದೇ ಒಂದು ಸಂಸ್ಥೆಯಲ್ಲಿ ಆರು ವರ್ಷ ಇದ್ದೆ. ಹೆಸರು ಬೇಡ. ಕಾರ್ಡಿನ ಮೇಲೆ 'ಸಮುದಾಯ ಸಂಯೋಜಕ' ಅಂತಿತ್ತು, ಮಾಡುತ್ತಿದ್ದದ್ದು ಕಂತು ವಸೂಲಿ.

ಶುರುವಿನಲ್ಲಿ ಚೆನ್ನಾಗಿತ್ತು. ದೀಪ ಕೂರಿಸಿದ ದಿನ ಮನೆಮಂದಿಯೆಲ್ಲ ಸ್ವಿಚ್ ಹಾಕಿ ಆರಿಸಿ, ಹಾಕಿ ಆರಿಸಿ ನೋಡುತ್ತಿದ್ದರು. ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕು. ಕೂಲಿ ಮಾಡುವವರಿಗೆ ಐದನೇ ತಾರೀಕಿಗೂ ಹದಿನೈದಕ್ಕೂ ಏನು ವ್ಯತ್ಯಾಸ? ಕೆಲಸ ಸಿಕ್ಕ ದಿನ ಸಂಜೆ ದುಡ್ಡು ಬರುತ್ತದೆ, ಅಷ್ಟೇ. ಸೀಮೆಎಣ್ಣೆ ಕೊಳ್ಳುತ್ತಿದ್ದದ್ದೂ ಹಾಗೇ, ದಿನಕ್ಕಿಷ್ಟು. ತಿಂಗಳ ಲೆಕ್ಕ ಹಾಕಿದರೆ ನಮ್ಮ ದೀಪವೇ ಅಗ್ಗ, ಆದರೂ ಬಾಕಿ ಬೀಳುತ್ತಿತ್ತು. 'ಜನರಿಗೆ ಶಿಸ್ತಿಲ್ಲ' ಅಂತ ಕಚೇರಿಯಲ್ಲಿ ವರದಿ ಬರೆದರು. ಸುಳ್ಳು ಯಾಕೆ ಹೇಳಲಿ, ನಾನೂ ಬರೆದೆ.

ಕೆನ್ಯಾದಲ್ಲಿ ಎಂ-ಕೋಪಾದವರು ಇದೇ ಸೋಲಾರನ್ನು ದಿನದ ಲೆಕ್ಕದಲ್ಲಿ ಮಾರಿದರು. ಅಲ್ಲಿ 2007ರಿಂದಲೇ ಎಂ-ಪೆಸಾ ಇತ್ತಲ್ಲ, ದುಡ್ಡು ಮೊಬೈಲ್‌ನಲ್ಲೇ ಕಟ್ಟುವುದು. ಕಟ್ಟದಿದ್ದರೆ ದೀಪ ಉರಿಯುವುದಿಲ್ಲ, ಕಟ್ಟಿದರೆ ಮತ್ತೆ ಉರಿಯುತ್ತದೆ. ಎಲ್ಲೋ ಕೂತು ಇನ್ನೊಬ್ಬರ ಮನೆಯ ಬೆಳಕಿಗೆ ಬೀಗ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದರೂ ಅಕ್ಕಪಕ್ಕದವರ ಮುಂದೆ ನಾನು ಬಾಗಿಲಲ್ಲಿ ನಿಲ್ಲುವುದಕ್ಕಿಂತ ಅದು ವಾಸಿ.

ಆಮೇಲೆ ನಮ್ಮಲ್ಲಿ ಹೂಡಿಕೆದಾರರು ಬಂದರು. ತಿಂಗಳಿಗೆ ಎಷ್ಟು ದೀಪ ಮಾರಿದೆವು ಅನ್ನುವುದು ಕಚೇರಿ ಗೋಡೆಯ ಬೋರ್ಡಿಗೆ ಹತ್ತಿತು. ಎಷ್ಟು ಉರಿಯುತ್ತಿವೆ ಅಂತ ಯಾರೂ ಕೇಳಲಿಲ್ಲ. ಬ್ಯಾಟರಿ ಸತ್ತ ಮನೆಗೆ ಮೆಕ್ಯಾನಿಕ್‌ಗಿಂತ ಮೊದಲು ನಾನು ಹೋಗುತ್ತಿದ್ದೆ. ಒಬ್ಬಾಕೆ ದೀಪ ಬಿಚ್ಚಿ, ಒರೆಸಿ, ಚೀಲದಲ್ಲಿ ಹಾಕಿ ಕೈಗೆ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಫ್ರಿಕಾದ ಪ್ಲೇಪಂಪ್ ಕಥೆಯೂ ಹೆಚ್ಚುಕಡಿಮೆ ಇದೇ. ಮಕ್ಕಳು ತಿರುಗುಚಕ್ರದಲ್ಲಿ ಆಡಿದರೆ ನೀರು ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ಮೇಲಿನ ಜಾಹೀರಾತಿನ ದುಡ್ಡಲ್ಲಿ ರಿಪೇರಿ. 2010ರೊಳಗೆ 4,000 ಪಂಪ್ ಅಂತ ಗುರಿ. ಮಕ್ಕಳು ಎಷ್ಟು ಹೊತ್ತು ಆಡುತ್ತಾರೆ? ನೀರು ಬೇಕಾದ ಹೆಂಗಸರೇ ಆ ಚಕ್ರ ತಳ್ಳಬೇಕಾಯಿತು. ದೂರದ ಹಳ್ಳಿಯಲ್ಲಿ ಜಾಹೀರಾತು ಹಾಕುವವರಾದರೂ ಯಾರು!

ಹಾಗಂತ ಎಲ್ಲ ಸುಳ್ಳಲ್ಲ. ಅರವಿಂದ್ ಅಂದಿರಲ್ಲ, ಅದನ್ನು ನೋಡಿ. 1976ರಲ್ಲಿ ಮದುರೈನಲ್ಲಿ, ಸರ್ಕಾರಿ ಕೆಲಸದಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರು ಮಾಡಿದರು. ಒಬ್ಬ ಸರ್ಜನ್‌ಗೆ ಎರಡು ಟೇಬಲ್. ಒಂದರಲ್ಲಿ ಆಪರೇಷನ್ ನಡೆಯುವಾಗ ಪಕ್ಕದ್ದರಲ್ಲಿ ಮುಂದಿನ ರೋಗಿ ತಯಾರು. ಕಣ್ಣೊಳಗೆ ಹಾಕುವ ಲೆನ್ಸ್ ಆಮದಾದರೆ ದುಬಾರಿ, ಅದಕ್ಕೇ 1992ರಲ್ಲಿ ಆರೋಲ್ಯಾಬ್ ಕಟ್ಟಿ ತಾವೇ ತಯಾರಿಸಿದರು. ದುಡ್ಡು ಕೊಡುವವರಿಂದ ಬಂದದ್ದರಲ್ಲಿ ಕೊಡಲಾಗದವರ ಚಿಕಿತ್ಸೆಯೂ ನಡೆಯುತ್ತದೆ. ಅಲ್ಲಿ ಕಂತು ಕೇಳಿಕೊಂಡು ಯಾರೂ ಬಾಗಿಲಿಗೆ ಹೋಗಬೇಕಿಲ್ಲ.

ಉತ್ತರ: ಅನುಮಾನಿ

ಬಡವರಿಗೆ ಮಾರುವುದನ್ನೇ ಅಭಿವೃದ್ಧಿ ಅನ್ನುವುದು ಜಾಸ್ತಿ ಆಯ್ತು. ಆ ಗ್ರಾಮೀಣ ಬ್ಯಾಂಕ್ ಕಟ್ಟಿದ ಮುಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯ 42 ಜನರಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟರು. 2006ರಲ್ಲಿ ನೊಬೆಲ್ ಬಂತು. ಸಾಲ ಕೊಟ್ಟರೆ ಬಡತನ ಹೋಗುತ್ತದೆ ಅಂತ ಎಲ್ಲರೂ ಹೊರಟರು. 2010ರಲ್ಲಿ ಆಂಧ್ರದಲ್ಲಿ ಒಂದೇ ಮನೆಯ ಮೇಲೆ ಹಲವು ಕಿರುಸಾಲ ಸಂಸ್ಥೆಗಳ ಸಾಲ ಬಿದ್ದು, ಅವುಗಳಿಗೆ ಕಡಿವಾಣ ಹಾಕಲು ಸರ್ಕಾರ ಸುಗ್ರೀವಾಜ್ಞೆ ತಂದಿತು. 2015ರಲ್ಲಿ ಭಾರತ, ಮೊರಾಕೊ, ಇಥಿಯೋಪಿಯಾ ಸೇರಿ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಕಿರುಸಾಲದಿಂದ ಸರಾಸರಿ ಮನೆಯ ಆದಾಯ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಕರೆಂಟು, ನೀರು ಸರ್ಕಾರದ ಕೆಲಸ ಅಲ್ವಾ?

ಉತ್ತರ: ಹಳೇ ವಸೂಲಿಗಾರ

ಮುಕ್ಕಾಲು ಪಾಲು ಒಪ್ಪಿದೆ. ಕರೆಂಟು ಕಂಬ ಬಂದ ಕಡೆ ನಮ್ಮ ದೀಪ ಅಟ್ಟ ಸೇರಿತು, ಸೇರಬೇಕಾದ್ದೇ. ಆದರೆ ಕಂಬ ಬರುವ ತನಕ ಮಕ್ಕಳು ಕತ್ತಲಲ್ಲಿ ಕೂರಬೇಕಾ?

ಪ್ರಶ್ನೆ ಕೇಳಿದವರಿಗೆ: ಬ್ಯಾಟರಿ ಸತ್ತರೆ ಎಷ್ಟು ದಿನದಲ್ಲಿ ಬದಲಿಸುತ್ತೀರಿ, ಅಲ್ಲಿಯವರೆಗೆ ಕಂತು ನಿಲ್ಲುತ್ತದಾ ಅಂತ ಕೇಳಿ. ಒಂದು ದಿನ ಗ್ರಾಹಕರ ಮನೆಗಳಿಗೆ ಕರೆದುಕೊಂಡು ಹೋಗಿ ಅನ್ನಿ. ಹೊಸಬರ ಮನೆಗೆ ಬೇಡ, ಮೂರು ವರ್ಷ ಹಳಬರ ಮನೆಗೆ. ಸಂಜೆಯೇ ಹೋಗಿ, ಹಗಲಲ್ಲಿ ಎಲ್ಲ ದೀಪವೂ ಒಂದೇ ಥರ ಕಾಣುತ್ತದೆ.

ಪ್ರಶ್ನೆ ಕೇಳಿದವರು

ಕೇಳಿದೆ. ಮುಂದಿನ ವಾರ ಕರೆದುಕೊಂಡು ಹೋಗುತ್ತಾರಂತೆ. ಬ್ಯಾಟರಿ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.